ಬೀಗಿತ್ತಿಯ ಬೋಟಿನಲ್ಲಿ ಉಪವಾಸ

ಬ್ರಿಸ್ಬೇನಿನ ರನ್‌ಕಾರ್ನ್ ಕಡೆ ಇರುವ ಕನ್ನಡದವರಲ್ಲಿ ವೇಣುಗೋಪಾಲ ಅಂಕಲ್ ಗೊತ್ತಿಲ್ಲ ಅನ್ನುವವರು ಸಿಗುವುದಿಲ್ಲ. ಅವರೇನು ದೊಡ್ಡ ಹುದ್ದೆಯವರಲ್ಲ, ದೊಡ್ಡ ದಾನಿಯೂ ಅಲ್ಲ. ಒಂದು ಸಲ ಹುಲ್ಲು ಕತ್ತರಿಸುವ ಮಿಷನ್ನು ತರುತ್ತೀನಿ ಅಂತ ಹೊರಟರು. ಈ ಅಂಗಡಿ, ಆ ಅಂಗಡಿ ಅಂತ ಸುತ್ತಿ, ಸಿಕ್ಕ ಮಿಷನ್ನುಗಳನ್ನೆಲ್ಲ ಮಗುಚಿ ಹೊಟ್ಟೆ ನೋಡಿ, ಕೊನೆಗೆ ಒಂದನ್ನು ಮನೆಗೆ ತರುವ ಹೊತ್ತಿಗೆ ಹಿತ್ತಲ ಹುಲ್ಲು ಎದೆಮಟ್ಟ ಬೆಳೆದು, ಹೂಬಿಟ್ಟು, ಒಣಗಿ, ತಾನೇ ನೆಲಕ್ಕೆ ಮಲಗಿಬಿಟ್ಟಿತ್ತು. ಅವರ ಹೆಸರು ಊರೆಲ್ಲ ಹರಡಿದ್ದು ಹಾಗೆ.

ಅವಸರ ಅನ್ನುವುದನ್ನು ಅವರು ಹುಟ್ಟುವಾಗಲೇ ಬಿಟ್ಟು ಬಂದಿದ್ದರು. ಮೊದಲು ಪರ್ತಿನಲ್ಲಿ ಒಂದು ಗಣಿಯ ಸ್ಟೋರ್ಸಿನಲ್ಲಿ ಕೆಲಸ. ಕೆಂಪು ಮಣ್ಣಿನ ಬೆಂಗಾಡಿಗೆ ವಿಮಾನದಲ್ಲಿ ಹೋಗಿ ವಾರಗಟ್ಟಲೆ ಇದ್ದು ಬರುವುದು. ಅಲ್ಲಿ ಯಾರಾದರೂ ಹೊಸ ಬೋಲ್ಟು ಕೇಳಿದರೆ, “ಹಳೇದಕ್ಕೇನಾಯ್ತು? ಎಲ್ಲಿ, ತೋರಿಸು” ಅನ್ನುವರು. ಹಳೆಯದನ್ನು ಬೆಳಕಿಗೆ ಹಿಡಿದು, ತಿರುವಿ, ಮೂಸಿ ನೋಡಿ, ಅದನ್ನೇ ವಾಪಸು ಅವನ ಕೈಗೆ ಕೊಟ್ಟು ಕಳಿಸುವರು. ಕಂಪನಿಯವರಿಗೆ ಅವರ ಮೇಲೆ ಬಹಳ ಪ್ರೀತಿ. ಉಳಿದವರ ವಿಷಯ ಕೇಳಬೇಡಿ.

ಹೆಂಡತಿ ಕಸ್ತೂರಿಗೆ ಇದು ಹೊಸದಲ್ಲ. ಅವಳನ್ನು ನೋಡಲು ಬಂದಾಗಲೂ ಇದೇ ಕಥೆ. ವೇಣುಗೋಪಾಲರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಸಂಬಂಧದ ಮಾತಿಗೆ ಹೋದ ಮನೆಯಲ್ಲಿ ನೀರು ಕುಡಿಯಬಹುದು, ಕಾಫಿ ಕುಡಿಯಬಹುದು. ಕೂತು ತಿಂದರೆ ಮಾತ್ರ ಮಾತು ಕೊಟ್ಟಹಾಗೆ, ಆಮೇಲೆ ಹಿಂದೆ ತೆಗೆಯುವಂತಿಲ್ಲ. ಕೃಷ್ಣರಾಜನಗರದ ಕಸ್ತೂರಿಯ ಅಪ್ಪನ ಮನೆಗೆ ಅವರು ಬಂದರು, ಉಪ್ಪಿಟ್ಟು ಕೇಸರಿಬಾತು ಮುಟ್ಟಲಿಲ್ಲ, ಹೋದರು. ಇನ್ನೊಂದು ಸಲ ಬಂದರು, ಮುಟ್ಟಲಿಲ್ಲ, ಹೋದರು. ಮೂರನೇ ಸಲ ದಾರಿಯಲ್ಲಿ ಬಸ್ಸು ಕೆಟ್ಟು, ಬಿಸಿಲಲ್ಲಿ ನಡೆದು, ಮಧ್ಯಾಹ್ನ ಬಂದು ತಲುಪಿದವರು ತಟ್ಟೆ ಬಳಿದು ತಿಂದು ಇನ್ನೊಂದು ಸೌಟು ಹಾಕಿಸಿಕೊಂಡರು. “ಒಪ್ಪಿದರು, ಒಪ್ಪಿದರು” ಅಂತ ಮನೆಯೆಲ್ಲ ಗದ್ದಲ. ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ಕಸ್ತೂರಿಗೆ ಮಾತ್ರ ಒಂದು ಅನುಮಾನ ಹುಟ್ಟಿತು. ಈ ಮನುಷ್ಯ ಒಪ್ಪಿದ್ದು ನನ್ನನ್ನೋ, ಹೊಟ್ಟೆಯ ಸಂಕಟವನ್ನೋ?

ಮದುವೆಯಾದ ಮೇಲೆ ಕೇಳಿದಳು.

“ಯೋಚನೆ ಮಾಡಿ ಹೇಳ್ತೀನಿ” ಅಂದರು.

ಮಗಳು ಹುಟ್ಟಿದಳು, ಪರ್ತಿಗೆ ಬಂದರು, ತಲೆ ಬೆಳ್ಳಗಾಯಿತು. ಅವರಿನ್ನೂ ಯೋಚನೆ ಮಾಡುತ್ತಲೇ ಇದ್ದರು.

ಮಗಳು ನಿವೇದಿತಾ. ಒಬ್ಬಳೇ ಮಗಳು. ಅವಳಿಗೆ ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ನದಿ ನೀರಿನ ಮೇಲೆ ಸಂಶೋಧನೆಗೆ ಸೀಟು ಸಿಕ್ಕಿದಾಗ ವೇಣುಗೋಪಾಲರು ಪರ್ತಿನ ಮನೆ ಮಾರಿ, ಹೆಂಡತಿಯನ್ನು ಕರೆದುಕೊಂಡು ದೇಶದ ಆ ತುದಿಯಿಂದ ಈ ತುದಿಗೆ ಬಂದು ರನ್‌ಕಾರ್ನಿನಲ್ಲಿ ಮನೆ ಮಾಡಿದರು. ಕೇಳಿದವರಿಗೆಲ್ಲ, “ಪರ್ತಿನಲ್ಲಿ ಸೆಕೆ ಜಾಸ್ತಿ” ಅನ್ನುವರು. ಬ್ರಿಸ್ಬೇನಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಅನ್ನುವರು.

ಒಂದು ಭಾನುವಾರ ಮಗಳು, “ಅಪ್ಪಾ, ಅಮ್ಮಾ, ಅರ್ವೋ ಫ್ರೀ ಇದೀರಾ? ಫೆರಿಯಲ್ಲಿ ಒಂದು ರೌಂಡ್ ಹೋಗೋಣ” ಅಂತ ಕರೆದಳು. ಮಧ್ಯಾಹ್ನದ ಹೊತ್ತಿಗೆ ‘ಅರ್ವೋ’ ಅನ್ನುವ ಹೆಸರು ಅಲ್ಲಿಯವರದು. ಬಿಸಿಬೇಳೆಬಾತು ತಿಂದು ಹೊರಟರು. ಯೂನಿವರ್ಸಿಟಿ ಸ್ಟಾಪಿನಲ್ಲಿ ಕಪ್ಪು ಗುಂಗುರು ಕೂದಲಿನ, ಅಗಲ ಮುಖದ ಹುಡುಗನೊಬ್ಬ ಹತ್ತಿ ಬಂದು ಕೈಮುಗಿದ. ನಿವೇದಿತಾ ಉಸಿರು ಬಿಡದೆ ಹೇಳಿದಳು.

“ಅಪ್ಪಾ, ಇವನು ಅದಿಲ್ಸನ್. ಬ್ರೆಜಿಲ್. ಅಮೆಜಾನ್ ನದಿ ಕಡೆಯವನು, ಅವರ ಸರ್ಕಾರದ ಸ್ಕಾಲರ್‌ಶಿಪ್ಪಲ್ಲಿ ಓದ್ತಿದಾನೆ. ನಾವಿಬ್ರೂ ಮದ್ವೆ ಆಗ್ಬೇಕು ಅಂತಿದೀವಿ. ಮುಂದಿನ ಸ್ಟಾಪಲ್ಲಿ ಐಸ್‌ಕ್ರೀಮ್ ಚೆನ್ನಾಗಿರತ್ತೆ, ಇಳಿಯೋಣ್ವಾ?”

ವೇಣುಗೋಪಾಲರು ನದಿ ನೋಡುತ್ತಾ ಕೂತರು. ಐಸ್‌ಕ್ರೀಮಿನ ಸ್ಟಾಪು ಹೋಯಿತು. ಅದರ ಮುಂದಿನದೂ ಹೋಯಿತು. ಸುಮ್ಮನಿರಲಾರದೆ ಆ ಹುಡುಗ, ನಿವೇದಿತಾ ಕಲಿಸಿದ ಕನ್ನಡದಲ್ಲಿ, “ಚೆನ್ನಾಗಿದೆ ಅಂಕಲ್ ಈ ಕಾಲುವೆ” ಅಂದ.

“ಕಾಲುವೆ ಅಲ್ಲಪ್ಪಾ, ನದಿ.”

“ಓ! ಸಾರಿ ಅಂಕಲ್” ಅಂದ ಹುಡುಗ. ಅವನ ಮುಖದಲ್ಲಿ ನಿಜವಾದ ಮರುಕವಿತ್ತು.

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳಿಗೆ ಆ ಹುಡುಗ ಅಲ್ಲೇ ಮನಸ್ಸಿಗೆ ಬಂದ. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಎಲ್ಲರೂ ವೇಣುಗೋಪಾಲರ ಮುಖವನ್ನೇ ನೋಡುತ್ತಿದ್ದರು.

ತೊಡಕು ಬಂದದ್ದು ಇನ್ನೊಂದು ಕಡೆಯಿಂದ. ಹುಡುಗನಿಗೆ ಅಪ್ಪ ಇಲ್ಲ, ತಾಯಿ ಒಬ್ಬಳೇ. ಹೆಸರು ರೈಮುಂಡಾ. ಅಮೆಜಾನಿನಲ್ಲಿ ಊರಿಂದೂರಿಗೆ ಓಡಾಡುವ ಪ್ಯಾಸೆಂಜರ್ ಬೋಟೊಂದರಲ್ಲಿ ಅಡುಗೆಯವಳು. ಆ ಕಾಡಿನಲ್ಲಿ ರಸ್ತೆ ಇಲ್ಲ, ರೈಲಿಲ್ಲ. ನಮ್ಮಲ್ಲಿ ಕೆಂಪು ಬಸ್ಸು ಇದ್ದಹಾಗೆ ಅಲ್ಲಿ ಬೋಟು. ಆಕೆ ಬೋಟು ಬಿಟ್ಟು ಬರುವವಳಲ್ಲ, ವಿಮಾನ ಹತ್ತುವವಳಂತೂ ಅಲ್ಲವೇ ಅಲ್ಲ. “ಹುಡುಗಿಯನ್ನೂ ಅವಳ ಅಪ್ಪ ಅಮ್ಮನನ್ನೂ ಕಣ್ಣಾರೆ ನೋಡದೆ ನಾನು ಹೂಂ ಅನ್ನೋದಿಲ್ಲ. ನನ್ನ ಬೋಟಿಗೇ ಬರಲಿ” ಅಂತ ಹೇಳಿ ಕಳಿಸಿದ್ದಳು.

ಇದನ್ನು ಕೇಳಿದ್ದೇ ವೇಣುಗೋಪಾಲರು ಎದ್ದು ಕೂತರು. “ನೋಡು, ಎಷ್ಟು ಸರಿಯಾಗಿ ಹೇಳಿದಾಳೆ ಆಯಮ್ಮ! ನೋಡದೆ ಹೇಗೆ ಒಪ್ಪೋದು? ಹೋಗೋಣ.”

ಅವರು ಅಷ್ಟು ಬೇಗ ಯಾವುದಕ್ಕೂ ಹೋಗೋಣ ಅಂದದ್ದನ್ನು ಕಸ್ತೂರಿ ಕಂಡಿರಲಿಲ್ಲ. ಜ್ವರವೇನಾದರೂ ಬಂದಿದೆಯೋ ಅಂತ ಹಣೆ ಮುಟ್ಟಿ ನೋಡಿದಳು.

ಹೊರಡುವ ಮುಂಚೆ ಅಡಿಲೇಡಿನಿಂದ ಅವರ ಅಕ್ಕ ಅಹಲ್ಯಾ ಫೋನು ಮಾಡಿದಳು. ಮನೆತನದ ಪದ್ಧತಿಗಳಿಗೆಲ್ಲ ಅವಳೇ ಕಾವಲು.

“ಲೋ ವೇಣು, ಅಲ್ಲಿ ಹೋಗಿ ಆಯಮ್ಮನ ಕೈ ಅಡುಗೆ ಗಬಗಬ ತಿಂದುಬಿಟ್ಟೀಯ. ಉಂಡ್ಯೋ, ಹೆಣ್ಣು ಕೊಟ್ಟಹಾಗೆ. ನೆನಪಿದೆಯಾ?”

“ಅಕ್ಕಾ, ಬೋಟಲ್ಲಿ ಮೂರು ದಿನ. ಅಡುಗೆಯವಳು ಅವಳೊಬ್ಬಳೇ.”

“ಆದ್ರೇನು? ಏಕಾದಶಿ ಮೂರು ಸಲ ಬಂತು ಅನ್ಕೋ. ಅವಲಕ್ಕಿ ಕಟ್ಕೊಂಡು ಹೋಗು. ಕಸ್ತೂರಿ, ಕೇಳಿಸ್ಕೊಂಡ್ಯಾ? ನೀನೂ ಅಷ್ಟೇ.”

“ಕೇಳಿಸ್ತು ಅತ್ತಿಗೆ” ಅಂದಳು ಕಸ್ತೂರಿ. ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಕಟ್ಟಿಕೊಂಡರು. ಹುರಿದ ಅವಲಕ್ಕಿ, ಕೋಡುಬಳೆ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ. ಪರ್ತಿನಲ್ಲಿ ಯಾರದೋ ಮದುವೆಯಲ್ಲಿ ಮಿಕ್ಕಿದ್ದ ಹಳದಿ ತಾಂಬೂಲದ ಚೀಲಗಳ ಒಂದು ಕಟ್ಟೇ ಕಸ್ತೂರಿಯ ಹತ್ತಿರ ಇತ್ತು. ಒಂದೇ ಬಣ್ಣ, ಒಂದೇ ಅಳತೆ, ಎಲ್ಲದರ ಮೇಲೂ ಅದೇ ಗಣಪತಿ. ನಮ್ಮ ಹೆಂಗಸರು ತಾಂಬೂಲದ ಚೀಲ ಎಸೆದದ್ದುಂಟೇ? ಔಷಧಿಗೊಂದು, ತಿಂಡಿಗೊಂದು, ಒಳಬಟ್ಟೆಗೊಂದು ಅಂತ ತುಂಬಿದಳು. ದಾರಿಯಲ್ಲಿ ಹೊಳೆಯ ಮಕ್ಕಳು ಪುಟ್ಟ ದೋಣಿಗಳಲ್ಲಿ ಬೋಟಿನ ಹತ್ತಿರ ಬರುತ್ತಾರೆ, ಪ್ರಯಾಣಿಕರು ಅವರಿಗೆ ಬಟ್ಟೆಬರೆ ಗಂಟು ಕಟ್ಟಿ ಎಸೆಯುವುದು ಅಲ್ಲಿಯ ವಾಡಿಕೆ ಅಂತ ಅದಿಲ್ಸನ್ ಹೇಳಿದ್ದ. ನಿವೇದಿತಾಳ ಚಿಕ್ಕಂದಿನ ಫ್ರಾಕುಗಳನ್ನೂ ಒಂದು ಚೀಲಕ್ಕೆ ತುಂಬಿದಳು. ನೀರಿನ ಪ್ರಯಾಣ ಅಂತ ವೇಣುಗೋಪಾಲರು ಎಲ್ಲ ಚೀಲಕ್ಕೂ ಪ್ಲಾಸ್ಟಿಕ್ ಸುತ್ತಿ, ಬಾಯಿ ಬಿಗಿದು, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ, ಆಮೇಲೆ ಪಾಸು ಮಾಡಿದರು.

ವಿಮಾನದ ಮೇಲೆ ವಿಮಾನ ಹತ್ತಿ, ಕಾಲು ಊದಿಸಿಕೊಂಡು, ಬೆಲೆಂ ಅನ್ನುವ ಊರು ಮುಟ್ಟಿದರು. ಬೋಟು ನಿಂತಿತ್ತು. ಮೂರಂತಸ್ತು. ಕೆಳಗೆ ಈರುಳ್ಳಿ ಮೂಟೆ, ಬೈಕುಗಳು, ಯಾರದೋ ಹೊಸ ಫ್ರಿಜ್ಜು. ನಡುವಿನ ಅಂತಸ್ತಿನಲ್ಲಿ ಸೀಟೂ ಇಲ್ಲ, ಮಂಚವೂ ಇಲ್ಲ. ಸೂರಿನ ಉದ್ದಕ್ಕೂ ಕಬ್ಬಿಣದ ಕೊಂಡಿ, ಕೊಂಡಿಗೆ ಬಟ್ಟೆಯ ಜೋಲಿ. ಕೆಂಪು, ಹಸಿರು, ಪಟ್ಟೆಪಟ್ಟೆ ಜೋಲಿಗಳು ಒಂದಕ್ಕೊಂದು ಅಂಟಿಕೊಂಡು ತೂಗುತ್ತಿದ್ದವು.

“ಅಯ್ಯೋ, ಊರಿನ ಬಾಣಂತಿ ಕೋಣೆಯೆಲ್ಲಾ ಒಂದೇ ಕಡೆ ತಂದಿಟ್ಟಂಗಿದೆ” ಅಂದಳು ಕಸ್ತೂರಿ. “ಕೂಸುಗಳಿಗೆ ಮಾತ್ರ ಮೀಸೆ ಬಂದಿದೆ.”

ಬೇರೆಯವರೆಲ್ಲ ಓಡಿಬಂದು ಜೋಲಿ ಕಟ್ಟುತ್ತಿದ್ದರೆ ವೇಣುಗೋಪಾಲರು ಒಂದೊಂದು ಕೊಂಡಿಯನ್ನೂ ಎಳೆದು, ತಟ್ಟಿ, ತುಕ್ಕು ನೋಡುತ್ತಾ ನಡೆದರು. ಒಳ್ಳೆಯದನ್ನು ಆರಿಸುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಉಳಿದದ್ದು ಹಿಂಬದಿ, ಅಡುಗೆಮನೆಯ ಹೊಗೆಗೂಡಿನ ಪಕ್ಕ. ಒಂದು ಮಗ್ಗುಲಿಗೆ ಬುಟ್ಟಿಯಲ್ಲಿ ಹುಂಜ ಇಟ್ಟುಕೊಂಡ ಮುದುಕಿ, ಇನ್ನೊಂದು ಮಗ್ಗುಲಿಗೆ ಎಮ್ಮೆಯಂಥ ಆಳು. ಅವನು ಹೊರಳಿದರೆ ಇವರೂ ಹೊರಳಬೇಕು.

ರೈಮುಂಡಾ ಅಡುಗೆಮನೆಯಿಂದ ಹೊರಗೆ ಬಂದಳು. ಗಟ್ಟಿ ಮೈಕಟ್ಟು, ತಲೆಗೆ ಬಿಳಿ ಬಟ್ಟೆ, ಕೈಯಲ್ಲಿ ಸೌಟು. ವೇಣುಗೋಪಾಲರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಒಂದು ಸುತ್ತು ಹಾಕಿ ಹಿಂದಿನಿಂದಲೂ ನೋಡಿದಳು. ಗಂಡ ಬೋಲ್ಟು ನೋಡುವುದು ಥೇಟ್ ಹೀಗೇ ಅಂತ ಕಸ್ತೂರಿಗೆ ಅನಿಸಿತು. ಆಕೆ ಏನೋ ಅಂದಳು.

“ಅಮ್ಮ ವೆಲ್ಕಮ್ ಅಂತಿದಾರೆ” ಅಂದ ಅದಿಲ್ಸನ್.

ನಿವೇದಿತಾ ಅವರ ಭಾಷೆ ಕಲಿತಿದ್ದಳು. “ಸುಳ್ಳು ಹೇಳ್ತಾನೆ. ‘ಇಷ್ಟೇನಾ ಮನುಷ್ಯ? ಮೊದ್ಲು ಹೊಟ್ಟೆ ತುಂಬಿಸ್ಬೇಕು, ಆಮೇಲೆ ಮಾತು’ ಅಂದ್ರು.”

ಸಂಜೆ ಗಂಟೆ ಬಾರಿಸಿತು. ಉದ್ದ ಮೇಜು, ಪಂಕ್ತಿಯ ಮೇಲೆ ಪಂಕ್ತಿ ಊಟ, ಎದ್ದವರ ಜಾಗಕ್ಕೆ ನಿಂತವರು. ಎಲ್ಲ ನಮ್ಮ ಮದುವೆ ಮನೆಯ ಹಾಗೇ. ನಿವೇದಿತಾ ಹೋಗಿ ಕೂತಳು, ಅವಳ ಹೂಂ ಆಗಲೇ ಆಗಿತ್ತಲ್ಲ. ವೇಣುಗೋಪಾಲರು ಜೋಲಿಯಲ್ಲೇ ಕೂತು ಅವಲಕ್ಕಿಗೆ ನೀರು ಹಾಕಿದರು. ಕಸ್ತೂರಿಯೂ ಅದನ್ನೇ ತಿಂದಳು. ಇವರು ಮಾಂಸ ಮುಟ್ಟುವವರಲ್ಲ ಅಂತ ಮಗ ಹೇಳಿದ್ದಕ್ಕೆ ರೈಮುಂಡಾ ಬೇರೆ ಪಾತ್ರೆಯಲ್ಲಿ ಕಾಳು ಬೇಯಿಸಿ, ಅನ್ನದ ಮೇಲೆ ಸುರಿದು, ಬಾಳೆಹಣ್ಣು ಕರಿದು ಕಳಿಸಿದಳು. ವೇಣುಗೋಪಾಲರು ತಟ್ಟೆಗೆ ಕೈಮುಗಿದು ಹಾಗೇ ವಾಪಸು ಕಳಿಸಿದರು. ಕರಿದ ಬಾಳೆಹಣ್ಣಿನ ವಾಸನೆ ಮಾತ್ರ ವಾಪಸು ಹೋಗಲಿಲ್ಲ. ಅದು ಜೋಲಿಗಳ ಮಧ್ಯೆ ಬಹಳ ಹೊತ್ತು ಓಡಾಡಿಕೊಂಡಿತ್ತು.

“ನಿಮಗೆ ಹುಡುಗ ಹಿಡಿಸ್ಲಿಲ್ವೇನ್ರೀ?” ಅಂತ ಮೆಲ್ಲಗೆ ಕೇಳಿದಳು ಕಸ್ತೂರಿ.

“ಹುಡುಗ ಚಿನ್ನ. ಆದ್ರೆ ನೋಡೇ ಇದನ್ನ” ಅಂತ ಅವರು ಹೊರಗೆ ಕೈ ತೋರಿಸಿದರು. ದಡವೇ ಕಾಣದ ನೀರು. “ಇಂಥಾ ಕಡೆ ಮಗಳನ್ನ ಬಿಟ್ಟು ಹೇಗೆ ಹೋಗೋದು? ರನ್‌ಕಾರ್ನಿಂದ ಇಲ್ಲಿಗೆ ಮನೆ ಬದಲಾಯ್ಸೋಕಾಗತ್ತಾ?”

ಕಸ್ತೂರಿಗೆ ಪಾಪ ಅನಿಸಿತು. ಮನುಷ್ಯ ಮೂರು ದಿನದ ಅವಲಕ್ಕಿಯ ಹಿಂದೆ ಅಡಗಿಸಿಟ್ಟುಕೊಂಡಿರುವುದು ಈ ಭಯವನ್ನು.

ಮರುದಿನ ಬೆಳಿಗ್ಗೆ ಹೊಳೆ ಕಿರಿದಾಯಿತು. ಎರಡು ಕಡೆಯಿಂದ ಕಾಡು ಬೋಟಿನ ಮೇಲೇ ಬಗ್ಗಿತು. ಬೇರುಗಳು ನೀರಿಗಿಳಿದಿದ್ದವು, ಮರದ ಮೇಲೆ ಮರ ಹತ್ತಿ ಕೂತಿತ್ತು, ಹಸಿರಿನ ಒಳಗೆ ಇನ್ನೊಂದು ಹಸಿರು. ಕಂಬದ ಮೇಲೆ ನಿಂತ ಪುಟ್ಟ ಮನೆಗಳಿಂದ ಮಕ್ಕಳು ದೋಣಿ ಹುಟ್ಟು ಹಾಕಿಕೊಂಡು ಬಂದರು. ಬೋಟಿನ ಅಲೆಗೆ ದೋಣಿಗಳು ಎಗರಿ ಬೀಳುತ್ತಿದ್ದರೂ ಆ ಮಕ್ಕಳಿಗೆ ಭಯವೇ ಇಲ್ಲ. ಪ್ರಯಾಣಿಕರೆಲ್ಲ ಗಂಟು ಎಸೆಯತೊಡಗಿದರು. ಹುಂಜದ ಮುದುಕಿ ಕೂಡ ಒಂದು ಗಂಟು ಎಸೆದಳು.

“ನಮ್ಮದೆಲ್ಲಿ? ಕೊಡೇ, ನಾನೇ ಎಸೀತೀನಿ” ಅಂತ ವೇಣುಗೋಪಾಲರು ಸಾಮಾನಿನ ಕಡೆ ಬಗ್ಗಿದರು. ಹಳದಿ ಚೀಲಗಳು ಸಾಲಾಗಿ ಕೂತಿದ್ದವು. ಅವರ ಕೈ ಹೋದದ್ದು ತಿಂಡಿಯೆಲ್ಲ ತುಂಬಿದ್ದ ಅವಲಕ್ಕಿ ಚೀಲಕ್ಕೆ.

ಕಸ್ತೂರಿ ನೋಡಿದಳು. ರೀ, ಅದಲ್ಲ, ಅನ್ನುವ ಮಾತು ಗಂಟಲಿನವರೆಗೆ ಬಂತು. ಬಂದದ್ದು ಅಲ್ಲೇ ಕೂತಿತು. ಗಂಟಲೊಳಗೆ ಆಗಲೇ ಕರಿದ ಬಾಳೆಹಣ್ಣಿನ ಆಸೆ ಕೂತಿತ್ತಲ್ಲ, ಜಾಗ ಸಾಲದೆ ಹೋಯಿತೋ ಏನೋ. ಗಂಡ ಕೈ ಬೀಸಿ ಎಸೆದರು. ಚೀಲ ಗಾಳಿಯಲ್ಲಿ ಹಾರಿ, ಗಣಪತಿಯ ಮುಖ ಒಮ್ಮೆ ಮಿನುಗಿ, ನೀರಿಗೆ ಬಿತ್ತು. ಬಕೆಟ್ಟಿನಲ್ಲಿ ಪಾಸಾದ ಚೀಲ, ತೇಲಿತು.

ಒಬ್ಬಳು ಹುಡುಗಿ ಅದನ್ನು ಎತ್ತಿಕೊಂಡು ಬಿಚ್ಚಿದಳು. ಒಂದು ಕೋಡುಬಳೆ ತೆಗೆದು ತಿರುಗಿಸಿ ನೋಡಿ, ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡಳು. ಆಮೇಲೆ ಕಚ್ಚಿದಳು. ಕಣ್ಣು ಅರಳಿತು.

“ಕಸ್ತೂರಿ” ಅಂದರು ವೇಣುಗೋಪಾಲರು. “ಆ ಮಗು ಫ್ರಾಕ್ ತಿಂತಿದೆ.”

“ಅದು ಕೋಡುಬಳೆ ಕಣ್ರೀ.”

ವೇಣುಗೋಪಾಲರು ಕಂಬಿ ಹಿಡಿದುಕೊಂಡು ನಿಂತರು. ದೋಣಿ ಹಿಂದೆ ಹಿಂದೆ ಸರಿದು ಕಾಡಿನೊಳಗೆ ಹೋಯಿತು. ಮಿಕ್ಕ ದಿನಗಳ ಊಟವೂ ಅದರ ಜೊತೆಗೇ ಹೋಯಿತು. “ನೀನು ನೋಡ್ಲಿಲ್ವಾ?” ಅಂದರು.

“ಎಲ್ಲಾ ಚೀಲವೂ ಒಂದೇ ಥರ ಅಲ್ವೇನ್ರೀ” ಅಂದಳು ಕಸ್ತೂರಿ. ಅದು ಸುಳ್ಳಂತೂ ಅಲ್ಲ.

ಅಂದು ಬೋಟಿನ ಮೇಲಂತಸ್ತಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಕ್ಕಿದ ಉಪ್ಪು ಬಿಸ್ಕತ್ತೇ ಇಬ್ಬರಿಗೂ ಗತಿ. ಅಂಗಡಿ ಬಿಸ್ಕತ್ತು ಆಯಮ್ಮನ ಕೈ ಅಡುಗೆ ಅಲ್ಲವಲ್ಲ ಅಂತ ವೇಣುಗೋಪಾಲರು ತೀರ್ಪು ಕೊಟ್ಟರು. ಸಂಜೆಗೆ ಅಂಗಡಿಯ ಬಿಸ್ಕತ್ತು ಮುಗಿಯಿತು, ಇನ್ನು ಬಿಯರು ಮಾತ್ರ ಇದೆ ಅಂದ ಅಂಗಡಿಯವನು. ಆಮೇಲೆ ಉಳಿದದ್ದು ಕಾಫಿ. ಬೋಟಿನ ಕಾಫಿ ಪಾಯಸದಷ್ಟು ಸಿಹಿ, ಕಷಾಯದಷ್ಟು ಕಪ್ಪು. ಕುಡಿದು ಕುಡಿದು ವೇಣುಗೋಪಾಲರ ಕೈ ನಡುಗಿ, ಜೋಲಿ ನಡುಗಿ, ಪಕ್ಕದ ಆಳೂ ಎಚ್ಚರವಾಗಿ ಕೂತ.

ಮೂರನೇ ದಿನ ಬೆಳಿಗ್ಗೆ ರೈಮುಂಡಾ ಸೌಟು ಹಿಡಿದು ಜೋಲಿಯ ಮುಂದೆ ಬಂದು ನಿಂತಳು. ಹಿಂದೆ ಮಗ.

“ಅಮ್ಮ ಕೇಳ್ತಿದಾರೆ, ಅಂಕಲ್ ಆರೋಗ್ಯ ಹೇಗಿದೆ ಅಂತ.”

“ಪೂರ್ತಿ ಹೇಳೋ” ಅಂದಳು ನಿವೇದಿತಾ. ಅವಳಿಗೂ ಸಾಕಾಗಿತ್ತು. “‘ನನ್ನ ಅಡುಗೆಯಲ್ಲಿ ಹುಳ ಬಿದ್ದಿದೆಯಾ? ಈ ಹೊಳೆಯಲ್ಲಿ ನನ್ನ ತಟ್ಟೆ ವಾಪಸ್ ಕಳಿಸಿದ ಗಂಡಸು ಹುಟ್ಟಿಲ್ಲ. ಇಂಥವನು ನಾಳೆ ನನ್ನ ಮಗನ ಮನೇಲಿ ಉಣ್ತಾನಾ?’ ಅಂತ ಕೇಳ್ತಿದಾರೆ ಅಪ್ಪಾ. ಸೀರಿಯಸ್ಲೀ. ನನ್ನ ಮದುವೆ ಕೆಡ್ತಾ ಇದೆ ಇಲ್ಲಿ, ನೀವು ಪದ್ಧತಿ ಅಂತಿದೀರ!”

ಆಮೇಲೆ ಅವಳೇ ಆಕೆಗೆ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದಳು. ಉಂಡರೆ ಮಾತು ಕೊಟ್ಟಹಾಗೆ, ಅಪ್ಪ ಇನ್ನೂ ಯೋಚನೆ ಮಾಡುತ್ತಿದ್ದಾರೆ, ಅದಕ್ಕೇ ಉಣ್ಣುತ್ತಿಲ್ಲ.

ರೈಮುಂಡಾ ಕೇಳಿದಳು. ಸೌಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಮುಖದ ಸಿಟ್ಟು ಇಳಿದು ಅಲ್ಲೊಂದು ಗೌರವ ಬಂದಹಾಗಿತ್ತು. ಅಡುಗೆಮನೆಗೆ ಹೊರಟುಹೋದಳು.

ಮಧ್ಯಾಹ್ನದ ಗಂಟೆ ಬಾರಿಸಿತು. ಬಾಳೆಹಣ್ಣು ಎಣ್ಣೆಗೆ ಬಿದ್ದ ಸದ್ದು ಜೋಲಿಯವರೆಗೂ ಕೇಳಿಸಿತು. ವೇಣುಗೋಪಾಲರು ಜೋಲಿಯಿಂದ ಕಾಲಿಳಿಸಿದರು, ಮತ್ತೆ ಎತ್ತಿದರು, ಮತ್ತೆ ಇಳಿಸಿದರು. “ಯೋಚನೆ ಆಯ್ತು. ಬಾರೇ” ಅಂದರು. ನೆಟ್ಟಗೆ ಹೋಗಿ ಮೇಜಿಗೆ ಕೂತರು. “ಒಪ್ಪಿದೀನಿ ಅಂತ ಹೇಳಪ್ಪಾ ನಿಮ್ಮಮ್ಮನಿಗೆ. ಬಡಿಸಲಿ.”

ಅದಿಲ್ಸನ್ ಮುಖ ದೀಪದ ಹಾಗಾಯಿತು. ಓಡಿಹೋಗಿ ಹೇಳಿದ. ರೈಮುಂಡಾ ಬಂದಳು, ಅವರ ಮುಂದಿದ್ದ ಖಾಲಿ ತಟ್ಟೆಯನ್ನು ಎತ್ತಿ ಕಂಕುಳಿಗಿಟ್ಟುಕೊಂಡಳು.

“ಬಡಿಸಲ್ವಂತೆ” ಅಂದ ಅದಿಲ್ಸನ್. “ಹಸಿದವನ ಹೂಂ ನಂಬಲ್ಲ ಅಂತಿದಾರೆ. ನಮ್ಮಪ್ಪ ಇದೇ ಮೇಜಿನ ಮುಂದೆ, ಹಸಿದುಕೊಂಡೇ, ನಿನ್ನನ್ನ ಮದುವೆ ಆಗ್ತೀನಿ ಅಂದಿದ್ರಂತೆ. ಹೊಟ್ಟೆ ತುಂಬಾ ಉಂಡು, ಮದುವೆಯೂ ಆಗಿ, ನಾನು ಹುಟ್ಟಿದ ಮೇಲೆ ಒಂದು ಊರಲ್ಲಿ ಬೀಡಿ ತರ್ತೀನಿ ಅಂತ ಇಳಿದ್ರು. ಇನ್ನೂ ತರ್ತಾ ಇದಾರೆ.”

“ಅದಕ್ಕೆ ನಾನೇನಪ್ಪಾ ಮಾಡ್ಲಿ?”

“ನೀವು ಮೊದಲು ಉಣ್ಬೇಕಂತೆ. ಹೊಟ್ಟೆ ತುಂಬಿದ ಮೇಲೆ ಹೂಂ ಅಂದ್ರೆ ಅದು ನಿಜವಾದ ಹೂಂ ಅಂತೆ.”

“ಹೂಂ ಅನ್ನದೆ ನಾನು ಉಣ್ಣೋ ಹಾಗಿಲ್ವಲ್ಲಯ್ಯಾ!”

“ಉಣ್ಣದೆ ನೀವು ಹೂಂ ಅನ್ನೋ ಹಾಗಿಲ್ವಂತೆ ಅಂಕಲ್.”

ಮೇಜಿನ ಸುತ್ತ ಸೌಟು, ಚಮಚ ಎಲ್ಲ ನಿಂತವು. ವಿಷಯ ಬಾಯಿಂದ ಬಾಯಿಗೆ ದಾಟಿ ಕೆಳಗಿನ ಈರುಳ್ಳಿ ಮೂಟೆಗಳವರೆಗೆ ಹೋಯಿತು. ಎಮ್ಮೆಯಂಥ ಆಳು ರೈಮುಂಡಾಳ ಕಡೆ, ಹುಂಜದ ಮುದುಕಿ ವೇಣುಗೋಪಾಲರ ಕಡೆ. ನಿವೇದಿತಾ ತಲೆ ಮೇಲೆ ಕೈಹೊತ್ತು ಕೂತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. ಸಂಜೆಗೆ ಅದಿಲ್ಸನ್ನಿನ ಊರು ಬಂದುಬಿಡುತ್ತದೆ. ಅಷ್ಟರಲ್ಲಿ ಇಬ್ಬರೂ ಒಪ್ಪದಿದ್ದರೆ ಹೀಗೇ ಬೆನ್ನು ತಿರುಗಿಸಿಕೊಂಡು ಇಳಿಯುವುದು, ಅಷ್ಟೇ.

ಕಸ್ತೂರಿ ರೈಮುಂಡಾಳ ಮುಖವನ್ನೇ ನೋಡುತ್ತಿದ್ದಳು. ಹಸಿದವನ ಹೂಂ. ಅಡುಗೆಮನೆ ಬಾಗಿಲ ಹಿಂದೆ ನಿಂತು ತಾನೂ ಇದೇ ಮಾತು ಯೋಚಿಸಿದ್ದೆನಲ್ಲ. ಕೇಳಬೇಕಾದ್ದನ್ನು ಈ ಹೆಂಗಸು ಎಲ್ಲರ ಮುಂದೆ ಕೇಳುತ್ತಿದ್ದಾಳೆ. ತನಗೆ ಆಗ ಆ ಬಾಯಿ ಇರಲಿಲ್ಲ.

ಅವಳು ಸ್ಟೂಲು ಎಳೆದುಕೊಂಡು ಗಂಡನ ಪಕ್ಕ ಕೂತಳು. ರೈಮುಂಡಾಳ ಕಂಕುಳಿನಿಂದ ತಟ್ಟೆ ಮೆಲ್ಲಗೆ ಎಳೆದುಕೊಂಡು ತನ್ನ ಮುಂದಿಟ್ಟಳು. ಪಾತ್ರೆಯ ಕಡೆ ಕೈ ತೋರಿಸಿದಳು. ಅದಕ್ಕೆ ಅನುವಾದ ಬೇಕಿರಲಿಲ್ಲ.

“ಏನೇ ಮಾಡ್ತಿದೀಯಾ?” ಅಂದರು ವೇಣುಗೋಪಾಲರು.

“ಉಣ್ತಿದೀನಿ. ನೀವು ಯೋಚನೆ ಮಾಡ್ತಾ ಇರಿ.”

“ಕಸ್ತೂರಿ! ಉಂಡ್ರೆ ಮಾತು ಕೊಟ್ಟಹಾಗೆ!”

“ಕೊಟ್ಟೆ. ಹೆತ್ತವಳು ನಾನೇ ತಾನೇ? ನಿವಿ, ನಿಮ್ಮತ್ತೆಗೆ ಹೇಳು. ಈ ಹೂಂ ಹಸಿದು ಹೇಳಿದ್ದಲ್ಲ. ಬ್ರಿಸ್ಬೇನಿನ ಫೆರಿಯಲ್ಲಿ, ಇವನು ನಮ್ಮ ನದಿಯನ್ನ ಕಾಲುವೆ ಅಂದಾಗಲೇ ನಾನು ಒಪ್ಪಿದ್ದೆ. ಬಿಸಿಬೇಳೆಬಾತು ಹೊಟ್ಟೆಬಿರಿಯ ತಿಂದು ಹೋಗಿದ್ದೆ ಅವತ್ತು. ಇಲ್ಲೀವರೆಗೂ ನನ್ನನ್ನ ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ನಿವೇದಿತಾ ಹೇಳಿದಳು. ರೈಮುಂಡಾ ಕಸ್ತೂರಿಯನ್ನು ದಿಟ್ಟಿಸಿ ನೋಡಿದಳು. ಬೋಟು ಹತ್ತಿದ ಮೇಲೆ ಇದೇ ಮೊದಲ ಸಲ ನೋಡುವವಳ ಹಾಗೆ. ಆಮೇಲೆ ಬಡಿಸಿದಳು. ಅನ್ನ, ಕಂದು ಕಾಳಿನ ಸಾರು, ಅದರ ಮೇಲೆ ಹುರಿದ ರವೆಯಂಥ ಮರಗೆಣಸಿನ ಪುಡಿ, ಪಕ್ಕದಲ್ಲಿ ಬಾಳೆಹಣ್ಣು. ಕಸ್ತೂರಿ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಒಂದು ಕಾಳು ಕಡಿಮೆ. ಹೇಳಲಿಲ್ಲ. ಬೀಗಿತ್ತಿಗೆ ಮೊದಲ ದಿನವೇ ಹೇಳುವ ಮಾತಲ್ಲ.

ವೇಣುಗೋಪಾಲರು ಅವಳ ತಟ್ಟೆ ನೋಡಿದರು, ನಂತರ ಅವಳ ಮುಖ ನೋಡಿದರು. “ಮಾತು ಕೊಟ್ಟಾಯ್ತು ಅಂದ್ರೆ... ಇನ್ನು ನಾನು ಉಂಡ್ರೂ ಒಂದೇ, ಬಿಟ್ರೂ ಒಂದೇ ಅಲ್ವಾ?” ಅಂದರು.

“ಒಂದೇ” ಅಂದಳು ಬಾಯಿ ತುಂಬ ಅನ್ನ ಇಟ್ಟುಕೊಂಡು.

ಇನ್ನೊಂದು ತಟ್ಟೆ ಎಳೆದುಕೊಂಡರು. ರೈಮುಂಡಾ ಈ ಸಲ ಕಿತ್ತುಕೊಳ್ಳಲಿಲ್ಲ, ಬಡಿಸಿದಳು. ವೇಣುಗೋಪಾಲರು ಉಂಡರು. ಒಂದು ಸಲ ಹಾಕಿಸಿಕೊಂಡು, ಮತ್ತೊಂದು ಸಲ ಹಾಕಿಸಿಕೊಂಡು, ಪಾತ್ರೆಯ ತಳ ಕೆರೆಸಿ ಉಂಡರು. ಹುಂಜದ ಮುದುಕಿ ಪ್ರತಿ ತುತ್ತಿಗೂ ತಲೆ ಆಡಿಸುತ್ತಿದ್ದಳು. ಅವರು ಡೇಗಿದ ಮೇಲೆ ರೈಮುಂಡಾ ಎದುರಿಗೆ ಕೂತು, ಮೊಣಕೈ ಮೇಜಿಗೆ ಊರಿ, ಒಂದೇ ಮಾತು ಕೇಳಿದಳು.

“ಈಗ ಹೇಳಿ ಅಂತಿದಾರೆ” ಅಂದ ಅದಿಲ್ಸನ್.

ವೇಣುಗೋಪಾಲರು ಗಂಟಲು ಸರಿಮಾಡಿಕೊಂಡರು. “ನನಗೆ ಹುಡುಗನ ಮೇಲಾಗಲಿ, ನಿಮ್ಮ ಮೇಲಾಗಲಿ ಏನೂ ಇಲ್ಲಮ್ಮಾ. ಒಬ್ಬಳೇ ಮಗಳು. ಈ ಕಾಡು, ಈ ನೀರು... ಇಷ್ಟು ದೂರ ಕಳಿಸಿ ನಾವು ಹೇಗಿರೋದು? ಅದೊಂದೇ.”

ಅನುವಾದ ಮುಗಿಯುವ ಮುಂಚೆಯೇ ರೈಮುಂಡಾ ಎದ್ದು ನಿಂತಳು. ಎದೆಗೆ ಬಡಿದುಕೊಂಡು ಏನೇನೋ ಅಂದಳು.

“ಏನಂತೆ?”

ಅದಿಲ್ಸನ್ ಕಾಡಿನ ಕಡೆ ನೋಡತೊಡಗಿದ. ನಿವೇದಿತಾಳೇ ಹೇಳಬೇಕಾಯಿತು. “‘ನಿಮ್ಮ ಮಗಳು ಇಲ್ಲಿಗೆ ಯಾಕೆ ಬರ್ತಾಳೆ? ನನ್ನ ಮಗನನ್ನೇ ನೀವು ಅಲ್ಲಿ ಇಟ್ಕೊಳ್ತಿದೀರಲ್ಲ! ಇರೋನು ಒಬ್ಬನೇ. ಅದಕ್ಕೇ ನನಗೆ ನಿದ್ದೆ ಬಂದಿಲ್ಲ’ ಅಂತಿದಾರೆ.”

“ಅವನು ಅಲ್ಲಿರ್ತಾನಾ?” ಅಂದರು ವೇಣುಗೋಪಾಲರು.

“ಅವಳು ಇಲ್ಲಿರ್ತಾಳಾ?” ಅಂದಳು ರೈಮುಂಡಾ.

ಇಬ್ಬರೂ ಒಟ್ಟಿಗೆ ಮಕ್ಕಳ ಕಡೆ ತಿರುಗಿದರು. ಈಗ ನಿವೇದಿತಾಳೂ ಕಾಡು ನೋಡತೊಡಗಿದಳು.

“ನಾವು... ಅದಿನ್ನೂ ಡಿಸೈಡ್ ಮಾಡಿಲ್ಲ ಅಪ್ಪಾ. ಕೆಲಸ ಎಲ್ಲಿ ಸಿಗತ್ತೋ ನೋಡ್ಕೊಂಡು...”

“ಡಿಸೈಡ್ ಮಾಡಿಲ್ಲ!” ವೇಣುಗೋಪಾಲರ ಕೂಗಿಗೆ ಬುಟ್ಟಿಯ ಹುಂಜ ಕೂಗಿತು. “ನಮ್ಮನ್ನ ಲೋಕದ ತುದಿಗೆ ಎಳ್ಕೊಂಡು ಬಂದು, ಜೋಲಿಗೆ ನೇತುಹಾಕಿ, ಉಪವಾಸ ಕೆಡವಿ... ಡಿಸೈಡ್ ಮಾಡಿಲ್ವಂತೆ! ಬೋಲ್ಟ್ ತಗೊಂಡು ಹೋಗೋನು ಯಾವ ಮಿಷನ್ನಿಗೆ ಅಂತ ಹೇಳ್ಬೇಡ್ವೇನೇ?”

ಅದೇ ಹೊತ್ತಿಗೆ ರೈಮುಂಡಾ ತನ್ನ ಮಗನ ಮೇಲೆ ಬಿದ್ದಿದ್ದಳು. ಸೌಟು ಗಾಳಿಯಲ್ಲಿ ಆಡುತ್ತಿತ್ತು. ಇವರು ಕನ್ನಡದಲ್ಲಿ ಒಂದು ಅಂದರೆ ಆಕೆ ತನ್ನ ಭಾಷೆಯಲ್ಲಿ ಅದಕ್ಕೆ ಹೌದು ಹೌದು ಅಂತ ಒಂದು ಸೇರಿಸುವಳು. ಆಕೆ ಒಂದು ಅಂದರೆ ಇವರು, “ಸರಿಯಾಗಿ ಹೇಳಿದ್ರಿ, ಇನ್ನೂ ಹೇಳಿ” ಅನ್ನುವರು. ಯಾರೂ ಯಾರಿಗೂ ಅನುವಾದ ಮಾಡುತ್ತಿರಲಿಲ್ಲ. ಅದಿಲ್ಸನ್ನಿಗೂ ನಿವೇದಿತಾಳಿಗೂ ಎರಡು ಭಾಷೆ ಬಂದದ್ದಕ್ಕೆ ಬೈಗುಳವೂ ಎರಡೆರಡು ಸಲ ಸಿಕ್ಕಿತು.

ಎಲ್ಲ ಬೈದು ಮುಗಿದ ಮೇಲೆ ಬೀಗರಿಬ್ಬರೂ ಮೇಜಿನ ಒಂದೇ ಕಡೆ, ಪಕ್ಕಪಕ್ಕದಲ್ಲಿ ಕೂತು ಉಸಿರು ಬಿಡುತ್ತಿದ್ದರು. ವೇಣುಗೋಪಾಲರು ನೀರು ಕುಡಿದು ಲೋಟ ಇಟ್ಟರು.

“ಹೂಂ ಅನ್ನು ಆಯಮ್ಮನಿಗೆ” ಅಂದರು ಮಗಳಿಗೆ. “ಹೊಟ್ಟೆ ತುಂಬಿದೆ. ಹೂಂ. ಅಲ್ಲಿರ್ತೀರೋ, ಇಲ್ಲಿರ್ತೀರೋ, ನಡುನೀರಲ್ಲಿ ಇರ್ತೀರೋ, ನಿಮ್ಮನ್ನ ದಾರಿಗೆ ತರೋಕೆ ನಾವಿಬ್ರೂ ಬೇಕು.”

ರೈಮುಂಡಾ ಕೇಳಿಸಿಕೊಂಡು ದೊಡ್ಡದಾಗಿ ನಕ್ಕಳು. ಅವರ ಬೆನ್ನ ಮೇಲೆ ಒಂದು ಏಟು ಕೊಟ್ಟಳು. ಅದು ಒಪ್ಪಿಗೆ ಅಂತ ಅದಿಲ್ಸನ್ ಹೇಳಬೇಕಾಗಲಿಲ್ಲ. ಏಟಿಗೆ ವೇಣುಗೋಪಾಲರ ಕನ್ನಡಕ ಸಾರಿನ ಪಾತ್ರೆಗೆ ಬಿತ್ತು.

ಅಷ್ಟರಲ್ಲಿ ಎರಡನೇ ಪಂಕ್ತಿಯವರು ತಟ್ಟೆ ಕುಟ್ಟಲು ಶುರುಮಾಡಿದ್ದರು. ಅವರಿಗೆ ಮದುವೆಯಾದರೇನು ಬಿಟ್ಟರೇನು, ಊಟ ಆರುತ್ತಿತ್ತು. ತಟ್ಟೆ ಎತ್ತೋಣ ಅಂತ ಕಸ್ತೂರಿ ಎದ್ದರೆ ರೈಮುಂಡಾ ಅವಳ ಭುಜ ಒತ್ತಿ ಕೂರಿಸಿದಳು. ಎಂಜಲು ತಟ್ಟೆಗಳ ಬಕೆಟ್ಟನ್ನು ವೇಣುಗೋಪಾಲರ ಕೈಗೆ ಕೊಟ್ಟು ಅಡುಗೆಮನೆಯ ದಾರಿ ತೋರಿಸಿದಳು. ಕಸ್ತೂರಿಯ ತಟ್ಟೆಗೆ ಇನ್ನೊಂದು ಬಾಳೆಹಣ್ಣು ಬಿತ್ತು.